ಎಡಗಡೆಯ ಮುಂದಿನ ಟೈರು

ಕೊಯಮತ್ತೂರು
12 ಸೆಪ್ಟೆಂಬರ್ 2004

ಅಪ್ಪನಿಗೆ,

ಫೋನ್ ಮಾಡಿದರೆ ನೀವು "ಅಮ್ಮಂಗೆ ಕೊಡ್ತೀನಿ ತಡಿ" ಎಂದುಬಿಡುತ್ತೀರಿ. ಕಾಗದವಾದರೆ ಅಮ್ಮನ ಕೈಗೆ ದಾಟಿಸುವ ಮುನ್ನ ಒಮ್ಮೆಯಾದರೂ ಓದುತ್ತೀರಿ ಎಂದು ಬರೆಯುತ್ತಿದ್ದೇನೆ.

ಕಾರು ಚೆನ್ನಾಗಿ ಓಡುತ್ತಿದೆ. ಗುಬ್ಬಿ ಅತ್ತೆಯ ಕೊಟ್ಟಿಗೆಯಲ್ಲಿ ಏಳು ವರ್ಷ ನಿಂತಿದ್ದ ಅಣ್ಣನ ಮಾರುತಿ ಇದೇ ಎಂದರೆ ಪಂಪ್ ಫ್ಯಾಕ್ಟರಿಯಲ್ಲಿ ಯಾರೂ ನಂಬುವುದಿಲ್ಲ. ಏಪ್ರಿಲ್‌ನಲ್ಲಿ ಅದನ್ನು ಹೊರಗೆ ಎಳೆದು ನಿಮ್ಮ ಟೈರು ಅಂಗಡಿಗೆ ತಂದಾಗ ನೀವು ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ. ನಾಲ್ಕು ಹೊಸ ಟೈರು ಹಾಕಿ, ಕೈ ಒರೆಸಿಕೊಂಡು ಅಂಗಡಿಯೊಳಗೆ ಹೋದಿರಿ. ಆ ನಾಲ್ಕು ಟೈರಿನ ಮೇಲೆಯೇ ದಿನಾ ಹಾಸ್ಟೆಲ್‌ನಿಂದ ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದೇನೆ.

ಅದಕ್ಕೊಂದು ಚಾಳಿಯಿದೆ. ಸ್ಟಿಯರಿಂಗನ್ನು ಸ್ವಲ್ಪ ಸಡಿಲ ಹಿಡಿದರೆ ಎಡಕ್ಕೆ ವಾಲುತ್ತದೆ. ಜೋರಾಗಿ ಅಲ್ಲ, ಪಕ್ಕದ ಸೀಟಿನಲ್ಲಿ ಕೂತವರು ಬೆರಳು ತಾಗಿಸಿದ ಹಾಗೆ. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಈಗ, ನಗಬೇಡಿ, ಅದು ಇದೆಯಲ್ಲ ಎಂದು ಸಮಾಧಾನ.

ಕೇಳಬೇಕಾದದ್ದು ಬೇರೆ. ಇಲ್ಲಿ ಊರ ಹೊರಗೆ ರೇಸಿನ ಟ್ರ್ಯಾಕ್ ಒಂದಿದೆ. ರೇಸ್ ಇಲ್ಲದ ಕೆಲವು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಬಂದ ಯಾರೇ ಆಗಲಿ ತಮ್ಮ ಸ್ವಂತ ಕಾರನ್ನು ಅಲ್ಲಿ ಓಡಿಸಬಹುದು. ಟ್ರ್ಯಾಕ್ ಡೇ ಎನ್ನುತ್ತಾರೆ. ಯಾರನ್ನೂ ಸೋಲಿಸುವುದಿಲ್ಲ, ತಮ್ಮ ಕೈ ಎಷ್ಟಿದೆ ಎಂದು ನೋಡಿಕೊಳ್ಳುವುದು ಅಷ್ಟೆ. ಅಣ್ಣ ಮಾಡಬೇಕೆಂದಿದ್ದದ್ದು ಇದನ್ನೇ. ನಾನು ಎರಡು ಸಲ ಬೇಲಿಯಾಚೆ ನಿಂತು ನೋಡಿ ಬಂದೆ. ಟೈರಿನ ವಿಷಯ ಕೇಳಿದರೆ ಒಬ್ಬರು ಮೆತ್ತನೆಯ ರಬ್ಬರ್ ಅಂದರು, ಇನ್ನೊಬ್ಬರು ಒಂದು ಸೈಜ್ ಅಗಲದ್ದು ಹಾಕು ಅಂದರು, ಮೂರನೆಯವರು ಹೊಸದೇ ಬೇಡ ಅಂದರು.

ಟೈರು ನೀವು ಆರಿಸಿಕೊಡಬೇಕು. ನೀವು ಆರಿಸಿದ್ದಾದರೆ ಓಡಿಸುತ್ತೇನೆ, ಇಲ್ಲದಿದ್ದರೆ ಇಲ್ಲ.

ನಿಮ್ಮ ಮಗಳು,
ಭೂಮಿಕಾ

*

ಶಿರಾ ಗೇಟ್, ತುಮಕೂರು
30 ಸೆಪ್ಟೆಂಬರ್ 2004

ಭೂಮಿಕಾಳಿಗೆ,

ನಿನ್ನ ಕಾಗದ ಅಂಗಡಿಯ ವಿಳಾಸಕ್ಕೆ ಬಂತು. ಓದಿ, ಊಟಕ್ಕೆ ಹೋದಾಗ ನಿನ್ನ ಅಮ್ಮನಿಗೆ ಕೊಟ್ಟೆ.

ಕಾರು ಎಡಕ್ಕೆ ವಾಲುವುದು ರಸ್ತೆಯ ಗುಣ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ. ಇಂಥದ್ದನ್ನು ಇನ್ನು ಬರೆಯಬೇಡ, ನಿನ್ನ ಅಮ್ಮ ಕಾಗದವನ್ನು ದೇವರ ಮುಂದೆ ಇಟ್ಟುಕೊಂಡು ಕೂತಿದ್ದಳು.

ಟೈರಿನ ವಿಷಯ. ನಿನಗೆ ಸಿಕ್ಕ ಮೂವರೂ ಅರ್ಧರ್ಧ ಸರಿ ಹೇಳಿದ್ದಾರೆ. ಮೆತ್ತನೆಯ ರಬ್ಬರ್ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಬಿಡುವಾಗ ಹೇಳದೆ ಬಿಡುತ್ತದೆ. ಗಟ್ಟಿ ರಬ್ಬರ್ ಬೇಗ ಜಾರುತ್ತದೆ, ಆದರೆ ಜಾರುವ ಮುನ್ನ ಕಿರುಚಿ ಎಚ್ಚರಿಸುತ್ತದೆ. ಅಗಲ ಟೈರು ಸಣ್ಣ ಇಂಜಿನ್ನಿಗೆ ಭಾರ. ಹೊಸ ಟೈರಿನ ಗೆರೆಗಳು ಆಳವಿರುವುದರಿಂದ ತಿರುವಿನಲ್ಲಿ ಆ ರಬ್ಬರ್ ತುಂಡುಗಳು ಅತ್ತಿತ್ತ ಬಾಗುತ್ತವೆ. ಅರ್ಧ ಸವೆದದ್ದು ಒಣ ರಸ್ತೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಮಳೆ ಬಂದರೆ ಕೈ ಕೊಡುತ್ತದೆ. ಇಷ್ಟು ಯಾರಾದರೂ ಹೇಳುತ್ತಾರೆ.

ನನ್ನ ಲೆಕ್ಕದಲ್ಲಿ ಟೈರನ್ನು ಕಾರಿಗೆ ಆರಿಸುವುದಲ್ಲ, ಓಡಿಸುವವರಿಗೆ ಆರಿಸುವುದು. ಓಡಿಸುವವರು ಎಂಥವರೆಂದು ಅವರು ಸವೆಸಿದ ಟೈರು ಹೇಳುತ್ತದೆ. ಕುಣಿಗಲ್ಲಿನ ಬಸ್ಸಿನವರೊಬ್ಬರು ಅಮೃತೂರು ರೂಟಿನ ಗಾಡಿಗೆ ಟೈರು ಬಾಳುತ್ತಿಲ್ಲ ಎಂದು ತಂದಿದ್ದರು. ಟೈರು ಒಂದೇ ಕಡೆ ಉಜ್ಜಿ ಚಪ್ಪಟೆಯಾದದ್ದು ನೋಡಿದವನೇ ಡ್ರೈವರ್ ಜುಂಜಪ್ಪನನ್ನು ಕೇಳಿದೆ: "ಸ್ಟಾಪೇ ಇಲ್ದಿರೋ ಕಡೆ ಯಾರಪ್ಪಾ ಇಷ್ಟ್ ಜೋರಾಗ್ ಬ್ರೇಕ್ ಹಾಕಿಸ್ಕೊಳ್ಳೋರು?" ಅವನು ಮುಖ ಕೆಂಪಗೆ ಮಾಡಿಕೊಂಡ. ಮುಂದಿನ ತಿಂಗಳು ಮದುವೆ ಕಾಗದ ತಂದುಕೊಟ್ಟ. ಹುಡುಗಿ ಅದೇ ರೂಟಿನ ಅಂಗನವಾಡಿ ಟೀಚರ್. ಈಗಲೂ ಆ ಬಸ್ಸಿನವರು, ಮಹಾದೇವಯ್ಯನ ಮುಂದೆ ಟೈರು ಬಿಚ್ಚಿದರೆ ಮನೆಯ ಗುಟ್ಟೆಲ್ಲ ರಟ್ಟಾಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಾರೆ.

ಆದ್ದರಿಂದ ಮುಂದಿನ ಎರಡು ಟೈರು ಬಿಚ್ಚಿ ಲಾರಿ ಪಾರ್ಸೆಲ್ಲಿಗೆ ಹಾಕು. ಯಾವುದು ಎಡ, ಯಾವುದು ಬಲ ಎಂದು ಒಳಮೈಗೆ ಬಳಪದಲ್ಲಿ ಬರೆ. ನೋಡಿ ಹೇಳುತ್ತೇನೆ.

ಆಶೀರ್ವಾದಗಳೊಂದಿಗೆ,
ಮಹಾದೇವಯ್ಯ

*

ಕೊಯಮತ್ತೂರು
24 ಅಕ್ಟೋಬರ್ 2004

ಅಪ್ಪನಿಗೆ,

ಟೈರು ನಿನ್ನೆ ಲಾರಿಗೆ ಹೋದವು. ಎಡದ್ದಕ್ಕೆ ಎ, ಬಲದ್ದಕ್ಕೆ ಬ ಎಂದು ಬರೆದಿದ್ದೇನೆ. ಸದ್ಯಕ್ಕೆ ಸ್ಟೆಪ್ನಿಯನ್ನೂ ಸೆಕೆಂಡ್ ಹ್ಯಾಂಡ್ ಟೈರೊಂದನ್ನೂ ಮುಂದಕ್ಕೆ ಹಾಕಿಕೊಂಡಿದ್ದೇನೆ.

ಆಯುಧಪೂಜೆಗೆ ಹಾಸ್ಟೆಲ್ ಮುಂದೆಯೇ ಕಾರಿಗೆ ವಿಭೂತಿ ಹಚ್ಚಿ ನಿಂಬೆಹಣ್ಣು ಇಟ್ಟೆ. ಮೂರು ಚಕ್ರದ ಹಣ್ಣು ಚಪ್ಪಟೆಯಾದವು. ಎಡ ಮುಂದಿನದು ಮಾತ್ರ ಪಕ್ಕಕ್ಕೆ ಸಿಡಿದು ಹಾಗೇ ಉಳಿಯಿತು. ನಮ್ಮ ವಾರ್ಡನ್ ಅದನ್ನು ಮುಟ್ಟಲು ಬಿಡಲಿಲ್ಲ.

ಸೀಟಿನ ವಿಷಯ ನಿಮಗೆ ಹೇಳಿರಲಿಲ್ಲ. ಅದು ಮುಂದಕ್ಕೆ ಸರಿಯುವುದಿಲ್ಲ. ಅಣ್ಣ ಕೂತಿದ್ದ ಅಳತೆಗೇ ತುಕ್ಕು ಹಿಡಿದು ನಿಂತಿದೆ. ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಓಡಿಸುತ್ತೇನೆ. ಅವನಿಗೂ ನನಗೂ ಇದ್ದ ವ್ಯತ್ಯಾಸ ಆ ದಿಂಬಿನಷ್ಟು. ಸಂಜೆ ದಿಂಬು ತೆಗೆದಾಗ ಸೀಟು ನನಗಿಂತ ಉದ್ದ ಕಾಲಿನವರಿಗೆ ಕಾದು ಕೂತಿರುವಂತೆ ಕಾಣುತ್ತದೆ.

ಟ್ರ್ಯಾಕಿಗೆ ಹೆಸರು ಕೊಟ್ಟಿದ್ದೇನೆ. ಫೆಬ್ರವರಿ ಮೊದಲನೆಯ ಭಾನುವಾರ. ಬಲಕ್ಕೆ ಸುತ್ತುವ ಟ್ರ್ಯಾಕು, ಎಡ ತಿರುವು ಕಡಿಮೆ. ಇದು ನಿಮಗೆ ಆರಿಸಲು ಬೇಕಾಗಬಹುದು ಎಂದು ಬರೆದೆ.

ಅಣ್ಣ ಯಾವತ್ತಾದರೂ ನಿಮ್ಮನ್ನು ಹೀಗೆ ಟೈರು ಕೇಳಿದ್ದನೆ?

ಭೂಮಿಕಾ

*

ಶಿರಾ ಗೇಟ್, ತುಮಕೂರು
9 ನವೆಂಬರ್ 2004

ಭೂಮಿಕಾಳಿಗೆ,

ಟೈರು ತಲುಪಿದವು. ಬಲದ್ದು ಸಮನಾಗಿ ಸವೆದಿದೆ. ಎಡದ್ದರ ಹೊರ ಅಂಚು ಬೋಳಾಗಿದೆ.

ಬಲಕ್ಕೆ ಜೋರಾಗಿ ತಿರುಗಿಸಿದಾಗ ಕಾರಿನ ಭಾರವೆಲ್ಲ ಎಡ ಮುಂದಿನ ಚಕ್ರದ ಹೊರ ಅಂಚಿನ ಮೇಲೆ ಬೀಳುತ್ತದೆ. ಟ್ರ್ಯಾಕು ಬಲಕ್ಕೆ ಸುತ್ತುತ್ತದೆ ಎಂದು ನೀನೇ ಬರೆದಿದ್ದೀಯ. ನೀನು ಆಗಲೇ ಓಡಿಸಿದ್ದೀಯ, ಒಂದು ಸಲವಲ್ಲ, ಅನೇಕ ಸಲ. ಬೇಲಿಯಾಚೆ ನಿಂತು ನೋಡಿ ಬಂದೆ ಎಂದು ನನಗೆ ಸುಳ್ಳು ಬರೆಯುವ ಅಗತ್ಯವಿರಲಿಲ್ಲ.

ಇಂಥ ಟೈರನ್ನು ನಾನು ಹಿಂದೆ ಒಮ್ಮೆ ನೋಡಿದ್ದೇನೆ.

ನಾನು ಟೈರು ಆರಿಸುವುದಿಲ್ಲ. ಕಾರನ್ನು ತಂದು ಗುಬ್ಬಿಯಲ್ಲಿ ಬಿಡು.

ಮಹಾದೇವಯ್ಯ

*

ತುಮಕೂರು
25 ನವೆಂಬರ್ 2004

ಭೂಮಿ,

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಎದುರಿಗೇ ಕೂತಿರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ನೀನು ಅಳುತ್ತಾ ಏನು ಮಾಡಿದೆನಮ್ಮಾ ಎಂದು ಕೇಳಿದೆಯಲ್ಲ. ನೀನು ಕೇಳಿದ್ದಕ್ಕೆ ನನಗೆ ಹಳೆಯದನ್ನು ಹೇಳಬೇಕಾಗಿದೆ. ಆಗ ನಿನಗೆ ಪರೀಕ್ಷೆ ಎಂದು ಹೇಳಿರಲಿಲ್ಲ. ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಕುಣಿಗಲ್ಲಿನ ಅಂಜನಮೂರ್ತಿಯವರಿಂದ ಆ ಕಾರು ತಂದವರು ನಿನ್ನ ಅಪ್ಪನೇ. ಹೊಸದಾಗಿ ಪೇಂಟ್ ಮಾಡಿಸಿದ್ದಾರೆ, ಕನ್ನಡಿ ಥರ ಇದೆ ಎಂದು ನನ್ನನ್ನು ಬೀದಿಗೆ ಕರೆದು ತೋರಿಸಿದ್ದರು. ನಿನ್ನ ಅಣ್ಣ ಪ್ರಭು ಭಾನುವಾರ ಅದನ್ನು ಗುಬ್ಬಿ ಕೆರೆಯಂಗಳಕ್ಕೆ ಒಯ್ಯುತ್ತಿದ್ದ. ಆಗ ಕೆರೆ ಒಣಗಿತ್ತು. ನಿಮ್ಮ ಹುಡುಗ ಗಿರಗಿರ ಸುತ್ತುತ್ತಾನೆ ಎಂದು ಯಾರೋ ಬಂದು ಹೇಳಿದರು. ಆಮೇಲೆ ಎಡಗಡೆ ಟೈರು ಸವೆದದ್ದು ನಿನ್ನ ಅಪ್ಪನ ಕಣ್ಣಿಗೆ ಬಿತ್ತು.

ಅವತ್ತು ನಾನು ಅಂಗಡಿಗೆ ಬುತ್ತಿ ಒಯ್ದಿದ್ದೆ. ಗಿರಾಕಿಗಳಿದ್ದರು. ಪ್ರಭು ಹೇಳಿದ: "ನಾನ್ ಹಂಗ್ ಓಡ್ಸಿಲ್ಲಪ್ಪ. ಗಾಡೀನೇ ಎಡಕ್ಕೆಳೀತದೆ. ಅದ್ರಲ್ಲೇ ಏನೋ ಐತೆ." ನಿನ್ನ ಅಪ್ಪ ಚಕ್ರ ನೆಟ್ಟಗಿದೆಯೇ ಎಂದು ದಾರ ಕಟ್ಟಿ ಅಳೆದರು. ದಾರ ಸರಿಯಾಗಿಯೇ ಬಂತು. ಆಗ ಅವರು ಎಲ್ಲರ ಮುಂದೆ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. "ಟೈರ್ ಸುಳ್ ಹೇಳಲ್ಲ ಕಣೋ. ಹೇಳ್ತಿರೋನು ನೀನು."

ಯಾರೋ ನಕ್ಕರು. ಪ್ರಭು ಕಾರಿನ ಕೀಲಿಯನ್ನು ಟೇಬಲ್ ಮೇಲೆ ಇಟ್ಟ. ಬುತ್ತಿ ಕೆಳಗಿಟ್ಟು ಹಿಂದೆ ಓಡುವಷ್ಟರಲ್ಲಿ ಬಸ್ ಹತ್ತಿಯಾಗಿತ್ತು. ಮದ್ರಾಸಿನಲ್ಲಿ ರೇಸ್ ಕಾರು ರಿಪೇರಿ ಮಾಡುವ ಗ್ಯಾರೇಜ್ ಸೇರಿಕೊಂಡ. ನನಗೆ ಕಾಗದ ಬರೆಯುತ್ತಿದ್ದ, ಅವರಿಗೆ ಬರೆಯಲಿಲ್ಲ. ಮರುವರ್ಷ ಕಾಮಾಲೆಯಾಗಿದೆ ಎಂದು ಸುದ್ದಿ ಬಂದು ನಾವು ಆಸ್ಪತ್ರೆ ತಲುಪಿದಾಗ ಅವನ ಮಂಚದ ಮೇಲಿನ ಹೊದಿಕೆ ಮಡಿಸಿಯಾಗಿತ್ತು. ಗುಬ್ಬಿಯ ತೋಟದಲ್ಲಿ ಮಣ್ಣು ಮಾಡಿದ್ದು ನಿನಗೆ ಗೊತ್ತು. ಅವತ್ತಿನಿಂದ ನಿನ್ನ ಅಪ್ಪ ಆ ಜಾಗಕ್ಕೆ ಹೋಗಿಲ್ಲ.

ಆ ಎಡಗಡೆ ಟೈರು ಅಂಗಡಿಯ ಹಿಂದಿನ ಗೋಡೆಯಲ್ಲೇ ಇತ್ತು. ಯಾರು ಕೇಳಿದರೂ ಮಾರಲಿಲ್ಲ. ಹೋದ ವಾರ ಅದನ್ನು ಇಳಿಸಿ, ನೀನು ಕಳಿಸಿದ್ದರ ಪಕ್ಕ ನಿಲ್ಲಿಸಿ ಕೂತಿದ್ದಾರೆ. ನಾನೂ ನೋಡಿದೆ. ನನ್ನಂಥವಳಿಗೂ ಗೊತ್ತಾಗುತ್ತದೆ ಭೂಮಿ, ಎರಡೂ ಒಂದೇ. ಒಂದೇ ಕಡೆ, ಒಂದೇ ಅಗಲ, ಅಂಚಿನ ಗರಗರ ಕೂಡ ಒಂದೇ ಥರ. ಅದನ್ನು ಮುಟ್ಟಿದರೆ ಅವನ ಗಡ್ಡ ಮುಟ್ಟಿದ ಹಾಗಾಯಿತು.

ನಿಜ ಹೇಳು. ನೀನು ಅಲ್ಲಿ ಓಡಿಸಿದ್ದರೆ ನಾನೇನೂ ಬೈಯುವುದಿಲ್ಲ. ಓಡಿಸಿಲ್ಲ ಅಂದರೆ, ಮತ್ತೆ ಯಾರು ಅಂತ ಯೋಚಿಸುವ ಧೈರ್ಯ ನನಗಿಲ್ಲ.

ಅಮ್ಮ,
ಶಿವರುದ್ರಮ್ಮ

*

ಕೊಯಮತ್ತೂರು
12 ಡಿಸೆಂಬರ್ 2004

ಅಪ್ಪನಿಗೆ,

ನಾನು ಟ್ರ್ಯಾಕಿನ ಮೇಲೆ ಒಂದು ಸಲವೂ ಕಾರು ಓಡಿಸಿಲ್ಲ. ಊರಿಗೆ ಬಂದುಹೋದದ್ದು ಬಿಟ್ಟರೆ ನನ್ನ ದಾರಿ ಹಾಸ್ಟೆಲ್, ಫ್ಯಾಕ್ಟರಿ ಎರಡೇ. ಆ ರಸ್ತೆಯಲ್ಲಿ ಸೈಕಲ್ಲುಗಳೂ ನನ್ನನ್ನು ದಾಟಿ ಹೋಗುತ್ತವೆ.

ಅಮ್ಮನ ಕಾಗದ ಬಂದ ಮೇಲೆ ಕೆಲವು ದಿನ ಕಾರು ತೆಗೆಯಲಿಲ್ಲ. ಬಸ್ಸಿನಲ್ಲಿ ಹೋದೆ. ಸಂಜೆ ಹಾಸ್ಟೆಲ್ಲಿನ ಗೇಟಿನಿಂದಲೇ ಅದರ ಎಡ ಚಕ್ರ ನೋಡುತ್ತಿದ್ದೆ. ಹೆದರಿದ್ದೆ ಎಂದು ಬರೆದರೆ ಅದು ಪೂರ್ತಿ ಸರಿಯಲ್ಲ. ಅವನೇ ಆಗಿರಲಿ ಎಂದೂ ಮನಸ್ಸಿನಲ್ಲಿತ್ತು.

ಆಮೇಲೆ, ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಪಂಪಿನ ಭಾಗಗಳನ್ನು ಅಳೆಯುವುದಲ್ಲವೆ ಎನ್ನಿಸಿತು. ರಜೆಯ ದಿನ ಸೂಪರ್‌ವೈಸರನ್ನು ಕೇಳಿಕೊಂಡು ಕಾರನ್ನು ಫ್ಯಾಕ್ಟರಿಯ ಒಳಗೆ ತಂದೆ. ಅಲ್ಲಿಯ ನೆಲ ಮಟ್ಟಸ. ಗಾರೆ ಕೆಲಸದವರ ತೂಗುಗುಂಡನ್ನು ಚಕ್ರದ ಪಕ್ಕ ಇಳಿಬಿಟ್ಟು, ದಾರದಿಂದ ಚಕ್ರದ ತಲೆಗೆ ಎಷ್ಟು ದೂರ, ಬುಡಕ್ಕೆ ಎಷ್ಟು ದೂರ ಎಂದು ಅಳೆದೆ. ಬಲ ಚಕ್ರ ನೆಟ್ಟಗಿದೆ. ಎಡ ಚಕ್ರದ ತಲೆ ಎಂಟು ಮಿಲಿಮೀಟರ್ ಹೊರಕ್ಕೆ ವಾಲಿದೆ. ಟೈರಿನ ಹೊರ ಅಂಚು ಯಾವಾಗಲೂ ನೆಲ ಉಜ್ಜುತ್ತದೆ, ಯಾರು ಓಡಿಸಿದರೂ, ಎಷ್ಟು ಮೆಲ್ಲಗೆ ಓಡಿಸಿದರೂ. ಕಾರು ಎಡಕ್ಕೆ ಎಳೆಯುವುದೂ ಅದರಿಂದಲೇ.

ಬಾನೆಟ್ ಎತ್ತಿ ಎಡ ಚಕ್ರದ ಸ್ಪ್ರಿಂಗ್ ಬಂದು ಕೂರುವ ಜಾಗ ನೋಡಿದೆ. ಸುತ್ತಿಗೆಯ ಗುರುತುಗಳಿವೆ, ಬೆಸುಗೆ ಹಾಕಿದ ಗೆರೆಯಿದೆ. ಹಿಂದೆ ಯಾವಾಗಲೋ ಬಲವಾದ ಪೆಟ್ಟು ಬಿದ್ದಿದೆ. ಬೆಸುಗೆ ಪೇಂಟಿನ ಕೆಳಗಿದೆ, ಅಪ್ಪ. ಆ ಪೇಂಟು ಕಾರು ನಮ್ಮ ಮನೆಗೆ ಬರುವ ಮುಂಚಿನದು.

ದಾರ ಕಟ್ಟಿ ನೋಡಿದರೆ ಚಕ್ರದ ಮುಂಭಾಗ, ಹಿಂಭಾಗ ಒಂದೇ ಗೆರೆಯಲ್ಲಿವೆಯೇ ಎಂದು ಗೊತ್ತಾಗುತ್ತದೆ. ತಲೆ ವಾಲಿದೆಯೇ ಎಂದು ಗೊತ್ತಾಗುವುದಿಲ್ಲ. ಅಂಗಡಿಗಳಲ್ಲಿ ಎಲ್ಲರೂ ದಾರವನ್ನೇ ಕಟ್ಟುತ್ತಾರೆ.

ಕೆರೆಯಂಗಳದಲ್ಲಿ ಅವನ ಜೊತೆ ಇದ್ದವಳು ನಾನು. ನನಗೆ ಕ್ಲಚ್ ಬಿಡುವುದನ್ನು ಕಲಿಸುತ್ತಿದ್ದ. ಎರಡನೇ ಗೇರ್ ದಾಟಿದ್ದೇ ಇಲ್ಲ.

ಪಕ್ಕದಲ್ಲಿ ಅವನಿದ್ದಾನೆ ಎಂದು ಇಷ್ಟು ತಿಂಗಳು ಅಂದುಕೊಂಡಿದ್ದೆ. ಎಂಟು ಮಿಲಿಮೀಟರ್. ಅಳತೆ ಬರೆದುಕೊಂಡು ಕಾರಿನೊಳಗೆ ಬಹಳ ಹೊತ್ತು ಕೂತಿದ್ದೆ.

ಇಲ್ಲಿ ಇದನ್ನು ಎಳೆದು ನೆಟ್ಟಗೆ ಮಾಡುವವರಿದ್ದಾರೆ. ಟ್ರ್ಯಾಕಿನ ದಿನ ಫೆಬ್ರವರಿ ಆರು. ನೀವು ಆರಿಸಿದ ಟೈರು ಬಾರದಿದ್ದರೆ ನಾನು ಹೋಗುವುದಿಲ್ಲ.

ಭೂಮಿಕಾ

*

ತುಮಕೂರು
9 ಜನವರಿ 2005

ಭೂಮಿ,

ಅಪ್ಪ ಯಾಕೆ ಬರೆದಿಲ್ಲ ಎಂದು ಕೇಳಬೇಡ. ನಿನ್ನ ಕಾಗದ ಬಂದ ದಿನವೂ ಅಂಗಡಿ ತೆರೆದಿದ್ದರು. ಟೈರು ಬಿಚ್ಚಿ ಮುಂದಿಟ್ಟು ಹೇಗಿದೆ ಹೇಳಿ ಸ್ವಾಮಿ ಎಂದವರಿಗೆ ಗೊತ್ತಿಲ್ಲ ಎಂದರಂತೆ. ಈಗಲೂ ಹಾಗೇ. ಪಂಚರ್ ಹಾಕುತ್ತಾರೆ, ಗಾಳಿ ತುಂಬುತ್ತಾರೆ. ಸವೆದ ಟೈರನ್ನು ಬೆಳಕಿಗೆ ಹಿಡಿದು ನೋಡುವುದನ್ನು ಬಿಟ್ಟಿದ್ದಾರೆ.

ಹೋದ ಸೋಮವಾರ ಗುಬ್ಬಿಯಿಂದ ನಿನ್ನ ಸದಾಶಿವಯ್ಯ ಮಾವನನ್ನು ಕರೆಸಿಕೊಂಡು, ಅವರ ಸ್ಕೂಟರ್ ಹಿಂದೆ ಕೂತು ಕುಣಿಗಲ್ಲಿಗೆ ಹೋಗಿ ಬಂದರು. ಇದನ್ನೆಲ್ಲ ನನಗೆ ಹೇಳಿದ್ದು ಮಾವ. ಅಂಜನಮೂರ್ತಿಯವರು ಕೂರಿಸಿ ಕಾಫಿ ಕೊಟ್ಟರಂತೆ. ಕಾರಿಗೆ ಏನಾದರೂ ಪೆಟ್ಟು ಬಿದ್ದಿತ್ತಾ ಎಂದು ನಿನ್ನ ಅಪ್ಪ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರಂತೆ, ಮಾರ್ಕೋನಹಳ್ಳಿ ಡ್ಯಾಮ್ ನೋಡಿಕೊಂಡು ಬರುವಾಗ ಮೋರಿಗೆ ಗುದ್ದಿತ್ತು, ತಗಡು ಬಡಿಸಿ ಪೇಂಟ್ ಮಾಡಿಸಿದ್ದೆ ಎಂದು. ಆಮೇಲೆ ಅವರೇ ಕೇಳಿದರಂತೆ: "ಯಾಕ್ ಸ್ವಾಮಿ, ನಿಮ್ ಹುಡುಗ ಆವಾಗ್ಲೇ, ಮದ್ರಾಸಿಗ್ ಹೋಗ್ತಾ, ಬಂದು ಇದ್ನೇ ಕೇಳ್ಕೊಂಡ್ ಹೋದ್ನಲ್ಲ? ನಿಮ್ಗೆ ಹೇಳ್ಲಿಲ್ವಾ?"

ನಿನ್ನ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಹೇಳಿದ್ದ" ಎಂದರಂತೆ.

ವಾಪಸು ಬರುವಾಗ ತುಮಕೂರಿನಲ್ಲಿ ಇಳಿಯಲಿಲ್ಲ. ಗುಬ್ಬಿಗೆ ಬಿಡು ಎಂದು ಮಾವನಿಗೆ ಹೇಳಿದರಂತೆ. ತೋಟದ ಬೇಲಿಯ ಹತ್ತಿರ ಇಳಿದು ಒಬ್ಬರೇ ಒಳಗೆ ಹೋದರು. ಮಾವ ರಸ್ತೆಯಲ್ಲೇ ನಿಂತಿದ್ದರು. ಹೊರಗೆ ಬಂದಾಗ ಪಂಚೆಯ ಮಂಡಿಯ ಹತ್ತಿರ ಮಣ್ಣಾಗಿತ್ತು. ಆ ಪಂಚೆ ಒಗೆಯಲು ನನಗೆ ಕೊಟ್ಟಿಲ್ಲ.

ನಾನೂ ಏನೂ ಕೇಳಿಲ್ಲ. ನೀನೂ ಕೇಳಬೇಡ.

ಅಮ್ಮ

*

ಶಿರಾ ಗೇಟ್
22 ಜನವರಿ 2005

ಭೂಮಿಕಾ,

ಮುಂದಿನ ತಿಂಗಳು ಮೂರನೇ ತಾರೀಖು ಗುರುವಾರ ಅಲ್ಲಿಗೆ ಬರುತ್ತೇನೆ. ಟೈರು ಲಾರಿಯಲ್ಲಿ ಮುಂಚೆಯೇ ಬರುತ್ತವೆ. ನಾನು ಬರುವವರೆಗೆ ಕಾರನ್ನು ನೆಟ್ಟಗೆ ಮಾಡಿಸಬೇಡ. ಅದು ಈಗ ಇರುವ ಹಾಗೆಯೇ ನನಗೆ ಒಂದು ಸಲ ಓಡಿಸಬೇಕು.

ಮಹಾದೇವಯ್ಯ

*

ಕೊಯಮತ್ತೂರು
8 ಫೆಬ್ರವರಿ 2005

ಅಮ್ಮಾ,

ಅಪ್ಪ ಇವತ್ತು ಬೆಳಗಿನ ಬಸ್ಸಿಗೆ ಹೊರಟರು. ಈ ಕಾಗದಕ್ಕಿಂತ ಮುಂಚೆ ಮನೆ ಸೇರಿರುತ್ತಾರೆ. ಅವರು ನಿನಗೆ ಏನು ಹೇಳುತ್ತಾರೋ, ಏನನ್ನೂ ಹೇಳುವುದಿಲ್ಲವೋ ಎಂದು ನಾನೇ ಬರೆಯುತ್ತಿದ್ದೇನೆ.

ಗುರುವಾರ ಬಸ್ಸಿನಿಂದ ಇಳಿದವರು ತಿಂಡಿಯನ್ನೂ ತಿನ್ನದೆ ಕೀಲಿ ಕೇಳಿದರು. ಫ್ಯಾಕ್ಟರಿಯ ಹಿಂದೆ ಕ್ರಿಕೆಟ್ ಆಡುವ ಮಟ್ಟಸವಾದ ಕಾಂಕ್ರೀಟ್ ಅಂಗಳವಿದೆ, ಅಲ್ಲಿಗೆ ಕರೆದೊಯ್ದೆ. ನನ್ನ ದಿಂಬನ್ನು ತೆಗೆದು ನನ್ನ ಮಡಿಲಿಗೆ ಕೊಟ್ಟು, ಆ ಸೀಟಿನಲ್ಲಿ ಕೂತರು. ಸೀಟು ಅವರಿಗೆ ಸರಿಯಾಗಿತ್ತು. ಅಣ್ಣ ಅಪ್ಪನಷ್ಟೇ ಎತ್ತರ ಇದ್ದ ಎಂಬುದನ್ನು ನಾನು ಮರೆತಿದ್ದೆ.

ಎರಡನೇ ಗೇರಿಗೆ ಹಾಕಿ, ಸ್ಟಿಯರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕಾರು ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮೆಲ್ಲಗೆ ಎಡಕ್ಕೆ ತಿರುಗಿ, ಅಂಗಳದ ಅಂಚಿನ ಹುಲ್ಲಿಗೆ ಇಳಿಯಿತು. ಅಲ್ಲಿ ರಸ್ತೆಯ ಇಳಿಜಾರು ಇರಲಿಲ್ಲ. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ಹಾಗೆಯೇ ಬಿಟ್ಟರು. ಮತ್ತೆ ಹುಲ್ಲಿಗೆ ಹೋಯಿತು. ಎಷ್ಟು ಸಲ ಮಾಡಿದರೆಂದು ನಾನು ಎಣಿಸಲಿಲ್ಲ. ಪ್ರತಿಸಲವೂ ಈ ಸಲ ಬೇರೆಯಾಗಬಹುದು ಎನ್ನುವವರ ಹಾಗೆ ಮುಂದೆ ನೋಡುತ್ತಿದ್ದರು. ಕೊನೆಗೆ ಇಂಜಿನ್ ಆರಿಸಿ, "ಎಳೀತದೆ" ಎಂದರು. ನನಗೆ ಹೇಳಿದ್ದಲ್ಲ. ನಾನು ಅವರ ಎಡಕ್ಕಿದ್ದೆ, ಅವರು ಬಲಗಡೆಯ ಕಿಟಕಿಯ ಕಡೆ ನೋಡುತ್ತಿದ್ದರು.

ಮರುದಿನ ಕಾರನ್ನು ನೆಟ್ಟಗೆ ಮಾಡುವಲ್ಲಿಗೆ ಕೊಟ್ಟೆವು. ಸರಪಳಿ ಕಟ್ಟಿ, ಜಾಕಿ ಒತ್ತಿ, ಬಾಗಿದ್ದನ್ನು ಎಳೆದರು. ಅಪ್ಪ ಕೆಲಸಗಾರರಿಗೆ ಒಂದು ಸಲವೂ ಹಂಗಲ್ಲ, ಹಿಂಗೆ ಎನ್ನಲಿಲ್ಲ. ನಿನಗೆ ನಂಬಿಕೆ ಬರುವುದಿಲ್ಲ, ಆದರೆ ನಿಜ. ತಗಡು ಕಿರುಗುಟ್ಟಿ ಜಾಗಕ್ಕೆ ಬರುವಾಗ ಮಾತ್ರ ಎದ್ದು ಹೊರಗೆ ಹೋದರು.

ಭಾನುವಾರ ಟ್ರ್ಯಾಕಿನಲ್ಲಿ, ರಿಮ್ ಸಮೇತ ಲಾರಿಯಲ್ಲಿ ಬಂದಿದ್ದ ಟೈರುಗಳನ್ನು ಸಾಲಾಗಿ ಒರಗಿಸಿದರು. ಎರಡು ಸೆಟ್ ತರಿಸಿದ್ದರು. ನಾಲ್ಕು ಹೊಚ್ಚಹೊಸ ಮೆತ್ತನೆಯವು, ನಾಲ್ಕು ಅರ್ಧ ಸವೆದ ಗಟ್ಟಿಯವು. ಸವೆದವು ನಮ್ಮ ಬೀದಿಯ ಶಿವರಾಮಯ್ಯ ಮೇಷ್ಟ್ರ ಕಾರಿನವಂತೆ, ನಾಲ್ಕೂ ಒಂದೇ ಸಮ ಇದ್ದವು. ಅಪ್ಪ ಈಗ ಒಂದನ್ನು ತೋರಿಸುತ್ತಾರೆ ಎಂದು ಕಾದೆ. ಜಾಕಿ ಏರಿಸಿ, ವೀಲ್ ಸ್ಪ್ಯಾನರ್ ಹಿಡಿದು ಅವರೂ ಕಾಯುತ್ತಿದ್ದರು.

"ಯಾವ್ದು ಅಪ್ಪಾ?" ಎಂದೆ.

"ಓಡ್ಸೋಳು ನೀನು. ನೀನ್ ಹೇಳು, ನಾನ್ ಹಾಕ್ತೀನಿ."

ಇದಕ್ಕಾಗಿ ನಾನು ಸೆಪ್ಟೆಂಬರ್‌ನಿಂದ ಕಾದಿರಲಿಲ್ಲ ಅಮ್ಮಾ. ನೀವು ಆರಿಸಿದರೆ ಮಾತ್ರ ಓಡಿಸುತ್ತೇನೆ ಎಂದು ಬರೆದಿದ್ದೆ, ಆ ಹಟಕ್ಕೆ ಈಗ ಜಾಗವೇ ಉಳಿಯಲಿಲ್ಲ. ನೀವೇ ಹೇಳಿ ಎಂದು ಬೇಡಿಕೊಳ್ಳಬೇಕೆನ್ನಿಸಿತು. ಅವರ ಮುಖ ನೋಡಿದೆ. ಬೇಡಿಕೊಳ್ಳಲಿಲ್ಲ.

ಸವೆದದ್ದು ಎಂದೆ. ಮೊದಲ ಸಲ ಹೋಗುತ್ತಿದ್ದೇನೆ, ಜಾರುವ ಮುನ್ನ ಕೂಗುವ ಟೈರು ಬೇಕು, ಮೋಡವೂ ಇಲ್ಲ ಎಂದು ಕಾರಣ ಕೊಟ್ಟೆ. ಅವರು ಪೂರ್ತಿ ಕೇಳಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಮಂಡಿಯೂರಿ ನಾಲ್ಕೂ ಹಾಕಿದರು. ನಟ್ಟು ಬಿಗಿಯುವಾಗ ತುಟಿ ಅಲ್ಲಾಡುತ್ತಿತ್ತು. ಶಿವನಾಮವೋ, ಇನ್ಯಾರ ಹೆಸರೋ, ನನಗೆ ಕೇಳಿಸಲಿಲ್ಲ.

ಟ್ರ್ಯಾಕಿನ ಮೇಲೆ ಕಾರು ಹಿಡಿದ ಕಡೆಗೆ ಹೋಗುತ್ತಿತ್ತು. ಎಡಕ್ಕೆ ಎಳೆಯುವ ಬೆರಳು ಇರಲಿಲ್ಲ. ನನ್ನ ಕೈಗಳಿಗೆ ಅಭ್ಯಾಸ ತಪ್ಪಿರಲಿಲ್ಲ, ಇಲ್ಲದ ಎಳೆತಕ್ಕೆ ಬಲಕ್ಕೆ ಒತ್ತಿ ಒತ್ತಿ ಮೊದಲ ಸುತ್ತು ಪೂರ್ತಿ ಕಾರು ಒಳಗಡೆಯ ಅಂಚಿಗೆ ಹೋಗುತ್ತಿತ್ತು. ಅಷ್ಟು ಒಬ್ಬಂಟಿಯಾಗಿ ನಾನು ಯಾವತ್ತೂ ಓಡಿಸಿಲ್ಲ. ಮೂರನೇ ಸುತ್ತಿನ ಹೊತ್ತಿಗೆ ಟೈರು ಕೂಗಲು ತೊಡಗಿತು. ಎಲ್ಲಿ ನಿಲ್ಲಿಸಬೇಕೆಂದು ಅದರಿಂದ ತಿಳಿಯಿತು.

ಕಾರನ್ನು ಟ್ರ್ಯಾಕಿನಿಂದ ಹೊರಗೆ ತಂದೆ. ಅಲ್ಲಿಯ ರೂಢಿ ಏನೆಂದರೆ, ಕಾರು ನಿಂತ ಕೂಡಲೇ ಜೊತೆಗೆ ಬಂದವರು ಬಗ್ಗಿ ಟೈರಿಗೆ ಕೈಯಿಟ್ಟು ನೋಡುತ್ತಾರೆ, ಎಷ್ಟು ಬಿಸಿಯಾಗಿದೆ, ಯಾವ ಅಂಚು ಸವೆದಿದೆ ಎಂದು. ಅಕ್ಕಪಕ್ಕದ ಕಾರಿನವರೆಲ್ಲ ಬಗ್ಗಿಕೊಂಡೇ ಇದ್ದರು. ಅಪ್ಪ ಬಗ್ಗಲಿಲ್ಲ. ನೇರ ನನ್ನ ಕಿಟಕಿಯ ಹತ್ತಿರ ಬಂದು ನಿಂತು, "ಹೆಂಗ್ ಹೋಯ್ತು, ಹೇಳು" ಎಂದರು.

ಹೇಳಿದೆ. ಯಾವ ತಿರುವಿನಲ್ಲಿ ಹೆದರಿದೆ, ಎಲ್ಲಿ ಬ್ರೇಕು ತಡವಾಯಿತು, ಎಲ್ಲಿ ಸ್ಟಿಯರಿಂಗ್ ಹಗುರಾಯಿತು, ಎಲ್ಲ ಹೇಳಿದೆ. ಅವರು ಕಿಟಕಿಗೆ ಕೈಯೂರಿ ನನ್ನ ಬಾಯನ್ನೇ ನೋಡುತ್ತಿದ್ದರು. ಟೈರಿನ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ.

ಹೇಳಿ ಮುಗಿಸಿದೆ.

"ಆಮೇಲೆ?" ಎಂದರು.

ಆಮೇಲೆ ಏನೂ ಇರಲಿಲ್ಲ. ಆದರೂ ಮೊದಲನೇ ತಿರುವಿನಿಂದ ಮತ್ತೆ ಹೇಳತೊಡಗಿದೆ.

ನಿನ್ನ
ಭೂಮಿ